ಕಾವಲುಗಾರ ಗುಡದಪ್ಪನ ಆಸೆ

ನದಿಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಗುರುಗಳು, ಹತ್ತಾರು ಶಿಷ್ಯರು, ಮತ್ತು ದುಡಿಯುವ ವಯಸ್ಸು ದಾಟಿದ ಒಂಬತ್ತು ಜನ ಮುದುಕ ಮುದುಕಿಯರು ಇದ್ದರು.

ಒಂದು ದಿನ ಗುರುಗಳು ಚಿದಂಬರನನ್ನು ಕರೆದರು.

“ಈ ಒಂಬತ್ತು ಜನರ ಮನಸ್ಸಿನಲ್ಲೂ ಜೀವಮಾನವೆಲ್ಲ ಉಳಿದುಹೋದ ಒಂದೊಂದು ಆಸೆ ಇದೆ. ಕೇಳು. ತೀರಿಸು.”

ಚಿದಂಬರ ಅಚ್ಚುಕಟ್ಟಿನ ಶಿಷ್ಯ. ದೀಕ್ಷೆಯಾಗಿ ಮೂರು ವರ್ಷ ಕಳೆದರೂ ಅವನ ಒಂದು ವ್ರತಕ್ಕೂ ಊನ ಬಂದಿರಲಿಲ್ಲ. ಹೇಳಿದ ಕೆಲಸವನ್ನು ಒಂದೊಂದಾಗಿ ಮುಗಿಸುತ್ತ ಬಂದ.

ನಲವತ್ತು ವರ್ಷ ಹೂ ಮುಡಿಯದಿದ್ದ ನೀಲವ್ವ ಮಲ್ಲಿಗೆ ಕೇಳಿದಳು. ತಂದುಕೊಟ್ಟ. ಎಲ್ಲಿ ಬಿದ್ದೀತೋ ಎಂದು ಆಕೆ ಇಡೀ ದಿನ ತಲೆ ಅಲುಗಿಸದೆ ಕೂತಳು. ಇನ್ನೊಬ್ಬ ಮುದುಕ ಕುದುರೆ ಏರಬೇಕೆಂದ. ಏರಿಸಲು ಇಬ್ಬರು ಸಾಕಾದರು, ಇಳಿಸಲು ನಾಲ್ವರು ಬೇಕಾದರು.

ಹೀಗೆ ಒಂದೇ ತಿಂಗಳಲ್ಲಿ ಎಂಟು ಆಸೆಗಳು ತೀರಿದವು. ಉಳಿದವನು ಗುಡದಪ್ಪ.

ಗುಡದಪ್ಪ ಆಶ್ರಮದ ಪೇರಲ ತೋಟವನ್ನು ಅರವತ್ತೈದು ವರ್ಷ ಕಾದವನು. ಅವನಿಗಿಂತ ಮೊದಲು ಅವನ ಅಪ್ಪ ಕಾದಿದ್ದ. ಈಗ ಅವನ ಕಣ್ಣು ಮಂಜಾಗಿತ್ತು, ಮೊಣಕಾಲು ಮಾತು ಕೇಳುತ್ತಿರಲಿಲ್ಲ.

“ನನಗೇನೂ ಬ್ಯಾಡ್ರಿ, ಸಣ್ಣ ಸ್ವಾಮಿಗಳ,” ಅಂದ.

ಮರುದಿನ ಕೇಳಿದಾಗಲೂ ಅದನ್ನೇ ಅಂದ.

ಮೂರನೆಯ ದಿನ ಸುತ್ತಮುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಚಿದಂಬರನ ಕಿವಿಯ ಹತ್ತಿರ ಬಾಯಿ ತಂದ.

“ನಮ್ಮ ತ್ವಾಟದಾಗ ಒಂದ್ ಹಣ್ಣು ಕದೀಬೇಕ್ರಿ.”

ಚಿದಂಬರ ನಕ್ಕ. ಮುದುಕ ನಗಲಿಲ್ಲ.

“ನಾ ಸಣ್ಣಾಂವ ಇದ್ದಾಗ ನನ್ನ ಜೋಡಿಯವ್ರೆಲ್ಲಾ ಇದ ತ್ವಾಟಕ್ಕ ಕದಿಯಾಕ ಬರ್ತಿದ್ರು. ಕಾವಲುಗಾರನ ಮಗ ಅಂತ ನನ್ನ ಕರೀತಿರಲಿಲ್ಲ. ಅಪ್ಪ ಬೆನ್ನು ಹತ್ತಿದ ಕೂಡಲೆ ಬೇಲಿ ಹಾರಿ ಓಡಿ, ಹೊಳೀ ದಂಡ್ಯಾಗ ಬಿದ್ದು ನಗ್ತಿದ್ರು. ಆಮ್ಯಾಲ ನಾನ ಕಾವಲುಗಾರ ಆದೆ. ಅವರ ಮಕ್ಕಳು, ಮೊಮ್ಮಕ್ಕಳು ಬಂದ್ರು. ಎಲ್ಲಾರನ್ನೂ ಓಡಿಸಿದೆ. ಓಡಿಸಿದಾಗೆಲ್ಲಾ ಬೇಲಿ ಆಚೀಗೆ ಅದ ನಗಿ. ನನ್ನ ಜೀವಮಾನದಾಗ ಹಂಗ ಒಮ್ಮೆನೂ ನಕ್ಕಿಲ್ರಿ.”

ಚಿದಂಬರ ಸಂಜೆಯೊಳಗೆ ಒಂದು ಬುಟ್ಟಿ ಪೇರಲ ತಂದು ಅವನ ಮುಂದಿಟ್ಟ.

ಗುಡದಪ್ಪ ಒಂದು ಹಣ್ಣನ್ನು ಕಣ್ಣಿಗೊತ್ತಿಕೊಂಡು ವಾಪಸ್ಸಿಟ್ಟ. “ಇದು ಪ್ರಸಾದ ಆತು.”

ಮರುದಿನ ಚಿದಂಬರ ಅದೇ ಬುಟ್ಟಿಯನ್ನು ಪಡಸಾಲೆಯಲ್ಲಿಟ್ಟು ಕಂಬದ ಮರೆಗೆ ಹೋಗಿ ನಿಂತ. ಗುಡದಪ್ಪ ಬಂದ, ಕೈಯಾಡಿಸಿ ನೋಡಿದ.

“ಕಂಬದ ಹಿಂದಿಂದ ಬರ್ರಿ,” ಅಂದ. “ಕದಿಯಾಕಂತ ಇಟ್ಟಿದ್ದನ್ನ ಯಾರರ ಕದೀತಾರೇನು?”

ಚಿದಂಬರ ನೇರವಾಗಿ ಗುರುಗಳ ಬಳಿ ಹೋದ. ನಡೆದದ್ದನ್ನೆಲ್ಲ ಹೇಳಿ, “ಅವನು ಕದಿಯಲು ತಾವು ಒಪ್ಪಿಗೆ ಕೊಡಬೇಕು,” ಎಂದು ಬೇಡಿದ.

“ನಾನು ಒಪ್ಪಿಗೆ ಕೊಟ್ಟ ಮೇಲೆ ಅದಕ್ಕೆ ಕಳವು ಅನ್ನುತ್ತಾರೆಯೇ?”

ಚಿದಂಬರ ಯೋಚಿಸಿದ. “ಇಲ್ಲ. ಹಾಗಾದರೆ ಕೊಡಬೇಡಿ.”

“ಕೊಡುವುದಿಲ್ಲ.”

“ಅಂದರೆ ಇದು ಆಗದ ಕೆಲಸ ಎಂದು ಅವನಿಗೆ ಹೇಳಿಬಿಡಲೇ?”

“ನಾನು ಒಂಬತ್ತು ಜನ ಎಂದಿದ್ದೆ,” ಅಂದರು ಗುರುಗಳು. “ಎಂಟು ಎಂದಿರಲಿಲ್ಲ.”

ಮರುದಿನ ಬೆಳಿಗ್ಗೆ ನೋಡಿದರೆ ಗುರುಗಳು ಕೈಯಲ್ಲೊಂದು ಕೋಲು ಹಿಡಿದು ಪೇರಲ ತೋಟದ ನಡುವೆ ಕೂತಿದ್ದರು.

“ಇಲ್ಲೇನು ಮಾಡುತ್ತಿದ್ದೀರಿ, ಗುರುಗಳೇ?”

“ತೋಟಕ್ಕೆ ಕಳ್ಳರು ಬರುವ ಸುದ್ದಿ ಇದೆ.”

ಚಿದಂಬರನಿಗೆ ತಲೆ ಕೆಟ್ಟುಹೋಯಿತು. ಆಸೆ ತೀರಿಸು ಅನ್ನುವವರೂ ಅವರೇ, ಕೋಲು ಹಿಡಿದು ಕೂತವರೂ ಅವರೇ. ಜಪಕ್ಕೆ ಕೂತರೆ ಎಣಿಕೆ ತಪ್ಪಿತು. ಹೂ ಕೊಯ್ಯಲು ಹೋದವನು ಬರೀ ಎಲೆ ತಂದ. ಅಡುಗೆಯವರು ಎರಡು ಸಲ ಊಟಕ್ಕೆ ಕರೆದರು, ಅವನಿಗೆ ಕೇಳಿಸಲೇ ಇಲ್ಲ.

ಗುಡದಪ್ಪನ ಬಳಿ ಹೋಗಿ ಅಂದ, “ನೀನೇ ಹೋಗಿ ಕದ್ದುಬಿಡು, ಅಜ್ಜಾ. ನಾನು ಯಾರಿಗೂ ಹೇಳುವುದಿಲ್ಲ.”

“ಟೊಂಗಿ ಎಲ್ಲಿ, ಹಣ್ಣು ಎಲ್ಲಿ, ನನಗೇನು ಕಾಣ್ತದರಿ? ಜೋಡಿ ಬೇಕು. ಇಲ್ಲಾಂದ್ರ ನಗಾಕ ಯಾರದಾರ?” ಅಂದ ಮುದುಕ. ಆಮೇಲೆ, “ಅವಸರಿಲ್ರಿ. ಆದರ ಹಣ್ಣು ಇನ್ನ ಎಂಟು ದಿನಕ್ಕ ಮುಗೀತಾವು. ಮುಂದಿನ ಹಂಗಾಮಿಗೆ ನಾ ಇರೂದಿಲ್ಲ,” ಅಂದ.

ಕೊಡದೆ ಇರುವ ವಸ್ತುವನ್ನು ಮುಟ್ಟುವುದಿಲ್ಲ. ಮೂರು ವರ್ಷದ ಹಿಂದೆ ಎದೆಮಟ್ಟದ ನೀರಿನಲ್ಲಿ ನಿಂತು ಚಿದಂಬರ ಹೇಳಿದ ಮಾತು ಅದು. ಹೇಳಿಸಿದವರು ಗುರುಗಳು.

ಅವನು ಮತ್ತೆ ತೋಟಕ್ಕೆ ಹೋದ.

“ಗುರುಗಳೇ, ನಾನು ಅವನ ಜೊತೆ ಹೋದರೆ ನನ್ನ ವ್ರತ ಮುರಿಯುತ್ತದೆ.”

“ಮುರಿಯುತ್ತದೆ.”

“ಹೋಗದಿದ್ದರೆ ಅವನ ಆಸೆ ಹಾಗೇ ಉಳಿಯುತ್ತದೆ.”

“ಉಳಿಯುತ್ತದೆ.”

“ನಾನೇನು ಮಾಡಲಿ?”

“ಕಾವಲುಗಾರನನ್ನು ಕೇಳುವ ಪ್ರಶ್ನೆಯೇ ಇದು?” ಅಂದರು ಗುರುಗಳು.

ಏಳನೆಯ ದಿನ ಚಿದಂಬರ ಮರಗಳ ಮೇಲೆ ಕಣ್ಣಾಡಿಸಿದ. ಹಣ್ಣು ಬೆರಳೆಣಿಕೆಯಷ್ಟಿದ್ದವು. ಮಧ್ಯಾಹ್ನ ಊಟವಾದ ಮೇಲೆ ಗುಡದಪ್ಪನ ಕೋಣೆಗೆ ಹೋಗಿ ಬಾಗಿಲಲ್ಲಿ ನಿಂತ.

“ಏಳು, ಅಜ್ಜಾ,” ಅಂದ.

ಗುಡದಪ್ಪ ಯಾಕೆ ಎಂದು ಕೇಳಲಿಲ್ಲ. ಧೋತರವನ್ನು ಮೇಲೆತ್ತಿ ಕಚ್ಚೆ ಬಿಗಿದ.

ಬೇಲಿಯಲ್ಲಿ ಎಲ್ಲೆಲ್ಲಿ ಸಂದಿಯಿದೆ ಎಂದು ಅವನಿಗೆ ಬಾಯಿಪಾಠ. ಅರವತ್ತೈದು ವರ್ಷ ಅವನ್ನು ಮುಚ್ಚಿದವನು ಅವನೇ. ಹೊಳೆಯ ಕಡೆಯ ಸಂದಿಯಲ್ಲಿ ಇಬ್ಬರೂ ಮೊಣಕಾಲೂರಿ ನುಸುಳಿದರು. ಗುರುಗಳು ದೂರದ ಮರದ ಕೆಳಗೆ ಗದ್ದ ಎದೆಗಾನಿಸಿ ಕೂತಿದ್ದರು. ನಿದ್ದೆ ಹತ್ತಿದಂತಿತ್ತು.

ಚಿದಂಬರ ಮುದುಕನ ಕೈ ಹಿಡಿದು ಟೊಂಗೆಯ ಮೇಲಿಟ್ಟ. ಆ ಕೈ ಎಲೆಗಳನ್ನು ಸವರುತ್ತ ಹೋಗಿ ಒಂದು ಹಣ್ಣಿನ ಮೇಲೆ ನಿಂತಿತು. ನಿಂತೇ ಇತ್ತು.

“ಕೀಳು, ಅಜ್ಜಾ. ಬೇಗ ಕೀಳು.”

ಗುಡದಪ್ಪ ಕಿತ್ತ. ಟೊಂಗೆ ಚಿಮ್ಮಿ ಎಲೆಗಳು ಸರಸರ ಅಂದವು.

“ಯಾರವನು!”

ಇಂಥ ಕೂಗು ಗುರುಗಳ ಬಾಯಿಂದ ಬಂದದ್ದನ್ನು ಚಿದಂಬರ ಎಂದೂ ಕೇಳಿರಲಿಲ್ಲ. ತಿರುಗಿ ನೋಡಿದರೆ, ಕೋಲೆತ್ತಿಕೊಂಡು ಓಡಿ ಬರುತ್ತಿದ್ದರು. ಮುಖ ಕೆಂಪಾಗಿತ್ತು. ಅದರಲ್ಲಿ ನಾಟಕ ಇದ್ದಂತೆ ಕಾಣಲಿಲ್ಲ.

ಚಿದಂಬರ ಮುದುಕನ ರಟ್ಟೆ ಹಿಡಿದು ಎಳೆದ. ಗುಡದಪ್ಪ ಓಡಿದ. ನಿಜವಾಗಿ ಓಡಿದ. ಬೇಲಿಯಲ್ಲಿ ಅವನನ್ನು ಮುಂದೆ ನೂಕುವಾಗ ಹಿಂದಿನಿಂದ ಬೀಸಿ ಬಂದ ಕೋಲು ಚಿದಂಬರನ ಬೆನ್ನಿಗೆ ಬಡಿಯಿತು. ಇಬ್ಬರೂ ಮುಳ್ಳಿಗೆ ಮೈ ತರಚಿಕೊಂಡು ಆಚೆ ಬಿದ್ದರು, ಎದ್ದರು, ಹೊಳೆಯ ದಂಡೆಯ ಮರಳಿನಲ್ಲಿ ಮತ್ತೆ ಉರುಳಿಬಿದ್ದರು.

ಗುಡದಪ್ಪ ಏದುಸಿರು ಬಿಡುತ್ತ ಅಂಗಾತ ಬಿದ್ದಿದ್ದ. ಅವನ ಹೊಟ್ಟೆ ಕುಣಿಯತೊಡಗಿತು. ಇವನಿಗೇನಾಯಿತೋ ಎಂದು ಚಿದಂಬರ ಗಾಬರಿಯಿಂದ ಬಗ್ಗಿ ನೋಡಿದ. ಮುದುಕ ನಗುತ್ತಿದ್ದ. ದನಿ ಹೊರಡದ ಹಾಗೆ, ಕಣ್ಣಲ್ಲಿ ನೀರು ಸುರಿಯುವ ಹಾಗೆ ನಗುತ್ತಿದ್ದ.

ಹಣ್ಣನ್ನು ಕಲ್ಲಿಗೆ ಗುದ್ದಿ ಎರಡು ಮಾಡಿದ. ಅರ್ಧವನ್ನು ಚಿದಂಬರನ ಕೈಗೆ ತುರುಕಿದ.

“ತಿನ್ನು ಲೇ,” ಅಂದ.

ಅದುವರೆಗೆ ಅವನು ಚಿದಂಬರನನ್ನು ಬಹುವಚನ ಬಿಟ್ಟು ಮಾತಾಡಿಸಿದವನಲ್ಲ. ಚಿದಂಬರ ತಿಂದ. ಯಾಕೆ ನಗು ಬಂತೋ ಅವನಿಗೇ ಗೊತ್ತಾಗಲಿಲ್ಲ. ಅವನೂ ಬಿದ್ದು ಬಿದ್ದು ನಕ್ಕ.

ಮುದುಕನನ್ನು ಕೋಣೆಗೆ ಬಿಟ್ಟು ಬಂದ ಮೇಲೆ ನಗು ನಿಂತಿತು. ಬೆನ್ನು ಉರಿಯುತ್ತಿತ್ತು. ಕೈಗೆ ಪೇರಲದ ವಾಸನೆ ಅಂಟಿತ್ತು. ತಾನು ಮಾಡಿದ್ದು ಪಾಪವೋ, ಸೇವೆಯೋ? ಒಮ್ಮೆ ಇದು ಅನ್ನಿಸಿತು, ಒಮ್ಮೆ ಅದು. ಬೆನ್ನಿಗೆ ಬಿದ್ದ ಏಟು ನಿಜವಾದದ್ದೋ, ಬೇಕೆಂದೇ ಕೊಟ್ಟದ್ದೋ, ಅದೂ ಬಗೆಹರಿಯಲಿಲ್ಲ.

ತೋಟಕ್ಕೆ ಹೋದ. ಗುರುಗಳು ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಮರದ ಕೆಳಗೆ ಕೂತಿದ್ದರು. ಚಿದಂಬರ ಹೋಗಿ ಕಾಲಿಗೆ ಬಿದ್ದ.

“ಗುರುಗಳೇ, ಕದ್ದವನು ನಾನು.”

ಗುರುಗಳು ತಲೆಯೆತ್ತಿ ಮರದ ಹಣ್ಣು ಎಣಿಸತೊಡಗಿದರು.

“ನನ್ನ ವ್ರತ ಹೋಯಿತು. ಆದರೆ ಆ ಮುದುಕ ನಕ್ಕಿದ್ದನ್ನು ನೋಡಿದೆ. ಈಗ ಪಶ್ಚಾತ್ತಾಪ ಪಡಬೇಕೆಂದರೂ ಸರಿಯಾಗಿ ಬರುತ್ತಿಲ್ಲ. ಒಂದೇ ಒಂದು ಮಾತು ಹೇಳಿ. ನಾವು ಬರುವುದು ತಮಗೆ ಗೊತ್ತಿತ್ತೇ? ನಿದ್ದೆ ಮಾಡಿದ್ದು ನಿಜವೇ? ಸಿಟ್ಟು ಮಾಡಿದ್ದು ನಿಜವೇ?”

ಗುರುಗಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕೋಲನ್ನು ಕೈಗೆತ್ತಿಕೊಂಡರು.

“ಬೇಲಿಯ ಆಚೆ ನಿಂತು ಮಾತಾಡು,” ಅಂದರು. “ಮರದಲ್ಲಿ ಇನ್ನೂ ಹಣ್ಣಿದೆ.”