ಪಾಸ್‌ವರ್ಡಿಗೆ ಮೆಣಸಿನಕಾಯಿ ಘಾಟು

ಮೆಣಸಿನಕಾಯಿ ಪೇಟೆಯಲ್ಲಿ ತೂಕದ ಚೀಟಿ ಕೊಡುವವಳು ನೀಲಗಂಗವ್ವ. ಅವಳ ಕಂಪ್ಯೂಟರಿನ ಚೀಟಿ ಸಾಫ್ಟ್‌ವೇರ್ ತೆರೆದಾಗಲೆಲ್ಲ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತಿತ್ತು. ಅದು ಮ್ಯಾನೇಜರ್ ಅಡಿವೆಪ್ಪನವರಿಗೆ ಮಾತ್ರ ಗೊತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಅವರು ಎಸಿ ಕೋಣೆಯಿಂದ ಗೊಣಗುತ್ತ ಬಂದು, "ಎಲ್ಲಾರೂ ಮುಖ ಆ ಕಡೆ ಮಾಡ್ರಿ!" ಎಂದು ಗದರಿ, ಮನೆದೇವರ ಒಡವೆ ತೆಗೆಯುವವರ ಹಾಗೆ ಪಾಸ್‌ವರ್ಡ್ ಒತ್ತಿ ಹೋಗುತ್ತಿದ್ದರು.

"ಆ ಸಾಫ್ಟ್‌ವೇರ್ ಒಂದನ್ನರ ಪಾಸ್‌ವರ್ಡ್ ಇಲ್ಲದ ತೆರೆಯಾಕ ಪರವಾನಗಿ ಕೊಡ್ರಿ, ಸಾಹೇಬ್ರ," ಎಂದು ನೀಲಗಂಗವ್ವ ಒಂದು ದಿನ ಕೇಳಿದಳು.

"ಅಧಿಕಾರ ನನ್ನ ಟೇಬಲ್ ಬಿಟ್ಟು ಹೋಗೂದಿಲ್ಲ. ಇನ್ನ ನಾ ಎದ್ದೂ ಬರೂದಿಲ್ಲ. ರೈತರ ಸಾಲು ನಿಂತ್ರ ನಿನ್ನ ಕೆಲಸ ಹೋತು!"

ಮರುದಿನ ಕರೆಂಟು ಹೋಗಿ ಬಂದದ್ದೇ ತಡ, ನೀಲಗಂಗವ್ವ ಹಮಾಲರಿಂದ ಕಂಪ್ಯೂಟರ್ ಹೊರಿಸಿ ಸಾಹೇಬರ ಟೇಬಲ್ ಮೇಲೆಯೇ ಇಡಿಸಿದಳು. ಹಿಂದೆಯೇ ರೈತರ ಸಾಲು ಒಳಗೆ ನುಗ್ಗಿತು. ಒಬ್ಬೊಬ್ಬರ ಬಗಲಲ್ಲೂ ಮೆಣಸಿನಕಾಯಿ ಗಂಟು. ಎಸಿ ಗಾಳಿ ಅದರ ಘಾಟನ್ನು ಕೋಣೆ ತುಂಬ ಹರಡಿತು.

"ಏನಿದು... ಆಕ್ಷಿ!"

"ಅಧಿಕಾರ ಇದ್ದಲ್ಲಿಗೆ ಕೆಲಸ ತಂದೇನ್ರಿ."

ಅಡಿವೆಪ್ಪನವರ ಕಣ್ಣು, ಮೂಗಿನಿಂದೆಲ್ಲ ನೀರು ಸುರಿಯತೊಡಗಿತು. "ಪಾಸ್‌ವರ್ಡ್ ಕೇಳದಂಗ ಮಾಡತೀನವ್ವಾ, ಮೊದಲ ಇದನ್ನ ಹೊರಗ ಒಯ್ಯಿ!"

ನೀಲಗಂಗವ್ವ ಕದಲಲಿಲ್ಲ.

"ಮೊದಲ ಮಾಡ್ರಿ. ಬೇಕಾದ್ರ ನಾವೆಲ್ಲಾ ಮುಖ ಆ ಕಡೆ ಮಾಡತೀವಿ."