ಸುಂಕದ ಕಟ್ಟೆಯಲ್ಲಿ ನಿಂತ ಗ್ರಂಥ

"ಅಮ್ಮಾ, ಏಳು ವರ್ಷ ಕೂತು ನಾನೊಂದು ಗ್ರಂಥ ಬರೆದೆ. ಈಗ ಪಕ್ಕದ ನಾಡಿನವರು ಅದರ ಪ್ರತಿ ಕೇಳುತ್ತಿದ್ದಾರೆ. ಕೊಟ್ಟರೆ ನನ್ನದು ಎನ್ನುವುದಕ್ಕೆ ನನ್ನ ಬಳಿ ಏನು ಉಳಿಯುತ್ತದೆ?" ಎಂದು ಶಿಷ್ಯ ಕೇಳಿದ.

ಗುರುತಾಯಿ ಒಂದು ಕತೆ ಹೇಳಿದರು.

ಒಂದು ಹೊಳೆಯ ಎರಡು ದಡಗಳಲ್ಲಿ ಎರಡು ರಾಜ್ಯಗಳಿದ್ದವು. ಭಾಷೆ ಒಂದೇ, ರಾಜರು ಇಬ್ಬರು. ಆಚೆ ದಡದಲ್ಲಿ ಒಬ್ಬ ವೈದ್ಯನಿದ್ದ. ಅವನು ಔಷಧಿಯ ಬೇರುಗಳ ಮೇಲೆ ಒಂದು ಗ್ರಂಥ ಬರೆದಿದ್ದ. ಯಾವ ಬೇರಿಗೆ ಯಾವ ವಾಸನೆ, ಮುಟ್ಟಿದರೆ ಯಾವುದು ಒರಟು, ಯಾವುದು ನುಣುಪು, ಯಾವ ರೋಗಕ್ಕೆ ಎಷ್ಟು ತೂಕ, ಎಲ್ಲವೂ ಅದರಲ್ಲಿತ್ತು.

ಗ್ರಂಥಕ್ಕೆ ಹೆಸರು ಬಂದ ಮೇಲೆ ಕಂಡಕಂಡವರು ಪ್ರತಿ ಮಾಡಿ ಮಾರಿದರು. ವೈದ್ಯನಿಗೆ ಒಂದು ಹಿಡಿ ಅಕ್ಕಿಯೂ ಬರಲಿಲ್ಲ. ಅದನ್ನಾದರೂ ಅವನು ಸಹಿಸುತ್ತಿದ್ದ. ಆದರೆ ಒಬ್ಬ ಪ್ರತಿ ಬರೆಯುವಾಗ, ವಿಷದ ಬೇರೊಂದಕ್ಕೆ ಒಂದು ಗುಂಜಿ ತೂಕ ಎಂದಿದ್ದುದನ್ನು ಹತ್ತು ಗುಂಜಿ ಎಂದು ಗೀಚಿದ. ಆ ಪ್ರತಿ ನೋಡಿ ಯಾರೋ ಮದ್ದು ಅರೆದರು. ಕುಡಿದವನು ಸತ್ತ.

ವೈದ್ಯ ಇಬ್ಬರು ರಾಜರ ಬಳಿಗೂ ಹೋಗಿ ಬೇಡಿಕೊಂಡ. ರಾಜರು ಒಪ್ಪಂದ ಮಾಡಿಕೊಂಡರು. ಬರೆದವನ ಒಪ್ಪಿಗೆಯಿಲ್ಲದೆ ಯಾರೂ ಪ್ರತಿ ಮಾಡಬಾರದು, ಒಪ್ಪಿಗೆಯಿಲ್ಲದ ಪ್ರತಿ ಹೊಳೆ ದಾಟಬಾರದು. ಕಣ್ಣು ಕಾಣದವರಿಗಾಗಿ ಮಾಡುವ ಪ್ರತಿಗೆ ಮಾತ್ರ ಇಬ್ಬರೂ ತಮ್ಮ ತಮ್ಮ ರಾಜ್ಯದೊಳಗೆ ವಿನಾಯಿತಿ ಕೊಟ್ಟರು. ಅಂಥ ಪ್ರತಿ ಕೂಡ ಒಂದು ದಿನ ಹೊಳೆ ದಾಟಬೇಕಾದೀತು ಎಂದು ಇಬ್ಬರಿಗೂ ತೋಚಲಿಲ್ಲ.

ಈಚೆ ದಡದಲ್ಲಿ ಒಬ್ಬ ಕುಂಬಾರಗಿತ್ತಿಯಿದ್ದಳು. ತಾನೇ ಓದು ಕಲಿತವಳು. ಅವಳ ತಂಗಿ ಹುಟ್ಟುಕುರುಡಿ. ತಂಗಿಗಾಗಿ ಅವಳು ಮರದ ಅಚ್ಚಿನಲ್ಲಿ ಅಕ್ಷರಗಳನ್ನು ತಿರುಗುಮುರುಗಾಗಿ ಕೊರೆದಳು. ಹಸಿ ಮಣ್ಣನ್ನು ಅಚ್ಚಿಗೆ ಒತ್ತಿ, ಎಬ್ಬಿಸಿ, ಸುಟ್ಟಳು. ಮಣ್ಣಿನ ಹಲಗೆಯ ಮೇಲೆ ಅಕ್ಷರ ಉಬ್ಬಿ ನಿಂತಿತು. ತಂಗಿ ಬೆರಳಾಡಿಸಿ ಓದಿದಳು. ಹೀಗೆ ವೈದ್ಯನ ಗ್ರಂಥ ಇನ್ನೂರು ಹಲಗೆಯಾಯಿತು. ತಂಗಿ ಬೇರುಗಳನ್ನು ಮೂಸಿ, ಸವರಿ, ಬೇರೆಬೇರೆ ಮಾಡಿಕೊಡತೊಡಗಿದಳು. ಮದ್ದು ಮಾಡುವವರು ಅವಳ ಮನೆ ಹುಡುಕಿಕೊಂಡು ಬಂದರು.

ಸುದ್ದಿ ಆಚೆ ದಡಕ್ಕೂ ಮುಟ್ಟಿತು. ಅಲ್ಲಿ ಛತ್ರದ ಬಾಗಿಲಲ್ಲಿ ಹನ್ನೆರಡು ಮಂದಿ ಕುರುಡರು ಬೇಡಿ ತಿನ್ನುತ್ತಿದ್ದರು. ನಮಗೂ ಆ ವಿದ್ಯೆ ಬೇಕು, ಬೇಡಿ ಬೇಡಿ ಸಾಕಾಗಿದೆ ಎಂದು ಹೇಳಿಕಳಿಸಿದರು. ಕುಂಬಾರಗಿತ್ತಿ ಇನ್ನೂ ಇನ್ನೂರು ಹಲಗೆ ಸುಟ್ಟು, ಹುಲ್ಲಿನಲ್ಲಿ ಸುತ್ತಿ, ಕತ್ತೆಗಳ ಮೇಲೆ ಹೇರಿ ದೋಣಿಯ ಬಳಿಗೆ ತಂದಳು. ಸುಂಕದವನು ತಡೆದ.

"ಇಲ್ಲಿ ಮಾಡಿದ್ದು ತಪ್ಪಲ್ಲಮ್ಮ. ಅಲ್ಲಿ ಮಾಡಿದರೂ ತಪ್ಪಲ್ಲ. ಹಲಗೆಯಾಗಲಿ ಅಚ್ಚಾಗಲಿ ಇಲ್ಲಿಂದ ಅಲ್ಲಿಗೆ ಒಯ್ದರೆ ತಪ್ಪು."

"ಹೊಳೆ ನಡುವೆ ದೋಣಿ ನಿಲ್ಲಿಸಿ, ಅಲ್ಲೇ ಮಾಡಿದರೆ ಏನಪ್ಪಾ?"

"ಅದರ ಬಗ್ಗೆ ಬರೆದಿಲ್ಲ. ಮೇಲಿನವರನ್ನು ಕೇಳಬೇಕು."

"ನೀನು ಕೇಳಿ ಬರುವಷ್ಟರಲ್ಲಿ ನಾನೂ ಮಣ್ಣಾಗಿರುತ್ತೇನೆ. ಹಲಗೆ ದಾಟಬಾರದು ತಾನೇ? ಜನ ದಾಟಬಹುದಲ್ಲ."

ಅವಳು ಸುಂಕದ ಕಟ್ಟೆಯ ಮೇಲೆಯೇ ಹಲಗೆಗಳನ್ನು ಇಳಿಸಿದಳು. ಮರುದಿನ ಹನ್ನೆರಡು ಮಂದಿ ಒಬ್ಬರ ಹೆಗಲು ಒಬ್ಬರು ಹಿಡಿದು ದೋಣಿಯಲ್ಲಿ ಬಂದರು. ತಂಗಿ ಅವರಿಗೆ ಅಕ್ಷರ ಕಲಿಸಿದಳು. ಸಂಜೆ ತಿರುಗಿ ಹೋದರು. ಸುಂಕದವನು ದಿನವೂ ಹಲಗೆ ಎಣಿಸಿದ. ಒಂದೂ ದಾಟಿರಲಿಲ್ಲ.

ಮಳೆಗಾಲ ಹತ್ತಿರವಾಯಿತು. ಹೊಳೆ ತುಂಬಿದರೆ ನಾಲ್ಕು ತಿಂಗಳು ದೋಣಿ ಇಲ್ಲ. ಓದು ಅರ್ಧಕ್ಕೆ ನಿಲ್ಲುತ್ತದೆ, ಹನ್ನೆರಡು ಮಂದಿ ಮತ್ತೆ ಛತ್ರದ ಬಾಗಿಲಿಗೆ ಹೋಗಬೇಕು. ಬರೆದವನ ಒಪ್ಪಿಗೆ ತಂದರೆ ಇವತ್ತೇ ಬಿಡುತ್ತೇನೆ ಎಂದ ಸುಂಕದವನು. ಕುಂಬಾರಗಿತ್ತಿ ವೈದ್ಯನಿಗೆ ಮೂರು ಸಲ ಹೇಳಿಕಳಿಸಿದಳು. ಮೂರು ಸಲವೂ ಅವನು ಆಗದು ಎಂದ. ನಾಲ್ಕನೆಯ ಸಲ ಕೆರಳಿ ತಾನೇ ಬಂದ.

ದೋಣಿ ಇಳಿಯುವಾಗ ಅಂಬಿಗ ಅವನ ಕೈ ಹಿಡಿದುಕೊಂಡಿದ್ದ. ವೈದ್ಯನ ಕಣ್ಣು ಹೋಗಿ ಆರು ವರ್ಷವಾಗಿತ್ತು. ಆ ಮಾತನ್ನು ಅವನ ಮುಂದೆ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಗ್ರಂಥವನ್ನು ಅವನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದ. ಓದಿ ಹೇಳಲು ಯಾರಿಗೂ ಕೊಡುತ್ತಿರಲಿಲ್ಲ.

"ಮಡಕೆ ತಟ್ಟುವವಳಿಗೆ ಗ್ರಂಥ ಓದಲು ಕಲಿಸಿದವರು ಯಾರು?" ಎಂದು ಕೇಳಿದ.

"ಯಾರೂ ಕಲಿಸಲಿಲ್ಲ ಸ್ವಾಮಿ. ಅದಕ್ಕೇ ಒಂದೊಂದು ಅಕ್ಷರಕ್ಕೂ ಹೆದರಿದ್ದೇನೆ. ಅನುಮಾನ ಬಂದ ಹಲಗೆ ಒಡೆದು ಮತ್ತೆ ಮಾಡಿದ್ದೇನೆ."

"ವಿಷದ ಬೇರಿನ ಮಾತು ಬರುವಲ್ಲಿ ಓದಿಸು."

ತಂಗಿ ಹಲಗೆ ತೆಗೆದು ಬೆರಳಿಟ್ಟಳು. ಒಂದು ಗುಂಜಿ ಎಂದು ಓದಿದಳು. ವೈದ್ಯ ಇನ್ನೊಮ್ಮೆ ಓದಿಸಿದ. ಹನ್ನೆರಡು ಮಂದಿಯಿಂದಲೂ ಒಬ್ಬೊಬ್ಬರಾಗಿ ಓದಿಸಿದ. ಹನ್ನೆರಡು ಸಲವೂ ಒಂದೇ ಗುಂಜಿ.

"ಇನ್ನೂ ನಂಬಿಕೆಯಿಲ್ಲದಿದ್ದರೆ ನೀವೇ ನೋಡಿ," ಎಂದಳು ತಂಗಿ. ಅವನ ಕಣ್ಣಿನ ಸಂಗತಿ ಅವಳಿಗೆ ತಿಳಿದಿರಲಿಲ್ಲ.

ವೈದ್ಯ ಕೈ ಚಾಚಿದ. ಕೈ ಹಲಗೆಯ ಪಕ್ಕದ ಕಲ್ಲನ್ನು ತಡಕಿತು. ಆ ಸದ್ದು ಅವಳಿಗೆ ಗೊತ್ತಿದ್ದ ಸದ್ದು. ಅವನ ಮಣಿಕಟ್ಟು ಹಿಡಿದು ಬೆರಳನ್ನು ಮೊದಲ ಅಕ್ಷರದ ಮೇಲೆ ಇಟ್ಟಳು.

ಅವತ್ತಿನ ಕೊನೆಯ ದೋಣಿ ಅವನಿಲ್ಲದೆ ಹೋಯಿತು. ಹಲಗೆಗಳ ಮೇಲೆ ಬೆರಳಾಡಿಸಿ ಓದುತ್ತ ಅವನು ಅಲ್ಲೇ ಎಂಟು ದಿನ ಉಳಿದ. ಒಂಬತ್ತನೆಯ ದಿನ ಹಸಿ ಮಣ್ಣಿಗೆ ಹೆಬ್ಬೆಟ್ಟು ಒತ್ತಿ ಒಪ್ಪಿಗೆ ಕೊಟ್ಟ. ಇಬ್ಬರು ಓದಿ ತಾಳೆ ನೋಡದ ಹಲಗೆಯನ್ನು ಯಾರಿಗೂ ಕೊಡಬಾರದು ಎಂದು ಮಾತ್ರ ಕೇಳಿಕೊಂಡ. ಹೊಳೆ ತುಂಬುವ ಮೊದಲು ಕತ್ತೆಗಳು ದಾಟಿದವು. ಮಳೆಗಾಲ ಮುಗಿಯುವಷ್ಟರಲ್ಲಿ ಆಚೆ ದಡದಲ್ಲಿ ಬೇರು ಗುರುತಿಸುವವರು ಹನ್ನೆರಡು ಮಂದಿ ಇದ್ದರು. ಮುಂದಿನ ವರ್ಷ ಇಬ್ಬರು ರಾಜರೂ ಕೂತು, ಬೆರಳಿನಿಂದ ಓದುವ ಪ್ರತಿಗೆ ಹೊಳೆ ಅಡ್ಡವಲ್ಲ ಎಂದು ಒಪ್ಪಂದದಲ್ಲಿ ಒಂದು ಸಾಲು ಸೇರಿಸಿದರು.

ಗುರುತಾಯಿ ಕತೆ ನಿಲ್ಲಿಸಿದರು. ಶಿಷ್ಯ, "ಎಲ್ಲರಿಗೂ ಒಳ್ಳೆಯದಾಯಿತು ಅಮ್ಮಾ. ಆದರೆ ವೈದ್ಯ? ಗ್ರಂಥ ಬಿಟ್ಟುಕೊಟ್ಟವನು ಅವನಲ್ಲವೇ?" ಎಂದ.

"ಹೊಳೆ ದಾಟಿ ಬರುವಾಗ ಅವನ ಬಳಿ ಗ್ರಂಥವಿರಲಿಲ್ಲ ಮಗು, ಹೋಗುವಾಗ ಇತ್ತು."