ಅಂಬಿಗನ ಹಗ್ಗದಲ್ಲಿ ಉಳಿದ ಗಂಟು

"ಬುದ್ಧಿ, ಯಾರಿಂದಲೂ ಒಂದು ಸಲವೂ ಮೋಸ ಹೋಗದ ಹಾಗೆ ಬದುಕುವುದು ಹೇಗೆ?" ಎಂದು ಮರುಳಸಿದ್ಧ ಕೇಳಿದ.

ಅವನು ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ ಶಿಷ್ಯ. ಆ ದಿನ ಬೆಳಿಗ್ಗೆ ಒಬ್ಬ ರೈತ ದಾಸೋಹಕ್ಕೆಂದು ಎರಡು ಚೀಲ ರಾಗಿ ತಂದುಕೊಟ್ಟಿದ್ದ. ಮರುಳಸಿದ್ಧ ಚೀಲದ ತಳದವರೆಗೂ ಕೈಯಾಡಿಸಿ, ಕಲ್ಲು ಬೆರೆಸಿದ್ದಾನೋ ಏನೋ ಎಂದು ರೈತನ ಎದುರಿಗೇ ಮೂರು ಸಲ ಕೇರಿ ನೋಡಿದ್ದ. ಒಂದು ಹರಳೂ ಸಿಕ್ಕಿರಲಿಲ್ಲ. ರೈತ ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಹೋಗಿದ್ದ. ಗುರುಗಳು ಜಗಲಿಯ ಮೇಲೆ ಕೂತು ಎಲ್ಲವನ್ನೂ ನೋಡಿದ್ದರು.

"ಕೂತುಕೊ" ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಹುಣಸೆಹಣ್ಣಿನ ವ್ಯಾಪಾರಿ ಒಬ್ಬನಿದ್ದ. ಅವನ ಹೆಂಡತಿಗೆ ದಿನ ತುಂಬಿತ್ತು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ನಿಂತ ಬಸಿರು. ಹೊಳೆಯಾಚೆಯ ಸಂತೆಯಲ್ಲಿ ಒಂದು ಗಾಡಿ ಹುಣಸೆಹಣ್ಣು ಮಾರಿ, ಬಾಣಂತನಕ್ಕೆ ಬೇಕಾದ ಶುಂಠಿ, ಬೆಲ್ಲ, ಕೊಬ್ಬರಿ ತರಬೇಕೆಂದು ಅವನು ಹೊರಟ. ಹೆಂಡತಿ ಬಾಗಿಲಿಗೆ ಬಂದು, "ಇವತ್ತೇ ಬಂದುಬಿಡಿ. ಮಳೆಗಾಲ ತಲೆಯ ಮೇಲಿದೆ. ಹೊಳೆ ತುಂಬಿದರೆ ದೋಣಿ ಬಿಡೋದಿಲ್ಲ" ಎಂದಳು.

"ಸಂಜೆಗೆ ಮನೆಯಲ್ಲಿರುತ್ತೇನೆ" ಎಂದ.

ಆ ಹೊಳೆಗೆ ಸೇತುವೆ ಇರಲಿಲ್ಲ. ಎರಡು ದೊಡ್ಡ ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ, ಎತ್ತು ಗಾಡಿ ಸಮೇತ ಆಚೆ ದಡಕ್ಕೆ ದಾಟಿಸುತ್ತಿದ್ದರು. ದಾಟಿಸುವ ಅಂಬಿಗ ಒಬ್ಬನೇ. ಸಂತೆಗೆ ಹೊರಟ ಇನ್ನೂ ಐದು ಗಾಡಿಗಳು ಅಲ್ಲಿ ಕಾದಿದ್ದವು. ವ್ಯಾಪಾರಿ ಎತ್ತುಗಳ ಮೂಗುದಾರ ಹಿಡಿದು ನಿಂತು ಕೂಲಿ ಎಷ್ಟೆಂದು ಕೇಳಿದ.

"ಒಂದು ಸಲಕ್ಕೆ ನಾಲ್ಕಾಣೆ ಶೆಟ್ಟರೆ. ಹೋಗೋದಕ್ಕೂ ಬರೋದಕ್ಕೂ ಸೇರಿಸಿ ಈಗಲೇ ಕೊಟ್ಟರೆ ಆರಾಣೆ."

ವ್ಯಾಪಾರಿಗೆ ಅಲ್ಲೇ ಅನುಮಾನ ಬಂತು. ಕೇಳದೆ ಯಾರಾದರೂ ಕಡಿಮೆ ಮಾಡುತ್ತಾರೆಯೆ? ಜಾಸ್ತಿ ಕೇಳಿದ್ದರೆ ಅವನಿಗೆ ಅರ್ಥವಾಗುತ್ತಿತ್ತು.

"ಎರಡಾಣೆ ಬಿಡುತ್ತೀಯಲ್ಲ, ಅದರಲ್ಲಿ ನಿನಗೇನು ಲಾಭ?"

"ಸಂಜೆ ಎಷ್ಟು ಗಾಡಿ ಬರುತ್ತವೆ ಅಂತ ಬೆಳಿಗ್ಗೆಯೇ ಗೊತ್ತಾದರೆ ಬರಿದೋಣಿ ತಳ್ಳೋದು ತಪ್ಪುತ್ತದೆ. ನಿಮಗೆ ಎರಡಾಣೆ ಉಳೀತು, ನನಗೆ ರಟ್ಟೆ ಉಳೀತು."

"ಮುಂಗಡ ಇಸಕೊಂಡು ಸಂಜೆ ನೀನು ಮಲಗಿಬಿಟ್ಟರೆ?"

"ಮಲಗಿದರೆ ಎಬ್ಬಿಸಿ ಶೆಟ್ಟರೆ. ನಮ್ಮವಳು ದಿನಾ ಎಬ್ಬಿಸುತ್ತಾಳೆ, ಅವಳಿಗೇನೂ ಕೊಡೋದಿಲ್ಲ" ಎಂದು ಅಂಬಿಗ ನಕ್ಕ. ಉಳಿದ ಗಾಡಿಯವರೂ ನಕ್ಕರು. ನಗಿಸುವವನನ್ನು ವ್ಯಾಪಾರಿ ಎಂದೂ ನಂಬಿದವನಲ್ಲ. ನಾಲ್ಕಾಣೆ ಎಣಿಸಿ ಕೊಟ್ಟು, "ಬರುವಾಗಿನದು ಬರುವಾಗ" ಎಂದ. ಉಳಿದ ಐದು ಗಾಡಿಯವರು ಆರಾರು ಆಣೆ ಕೊಟ್ಟರು. ಇವರೆಲ್ಲ ಅಂಬಿಗನ ಕಡೆಯವರೇ ಇರಬೇಕು, ನನ್ನನ್ನು ಬಲೆಗೆ ಬೀಳಿಸಲು ಕೊಟ್ಟ ಹಾಗೆ ಮಾಡುತ್ತಿದ್ದಾರೆ ಎಂದುಕೊಂಡ.

ಆಚೆ ದಡದಲ್ಲಿ ಗಾಡಿಗಳು ಇಳಿದವು. ಒಂದೊಂದು ಗಾಡಿ ಇಳಿದಾಗಲೂ ಅಂಬಿಗ ಸೊಂಟದ ಹಗ್ಗಕ್ಕೆ ಒಂದೊಂದು ಗಂಟು ಹಾಕಿದ. ವ್ಯಾಪಾರಿಯ ಗಾಡಿ ಇಳಿದಾಗಲೂ ಹಾಕಿದ.

"ನಾನು ಬರೋದಕ್ಕೆ ದುಡ್ಡು ಕೊಟ್ಟಿಲ್ಲವಲ್ಲ, ನನಗ್ಯಾಕೆ ಗಂಟು?"

"ಗಾಡಿ ಆಚೆ ಬಿಟ್ಟ ಮೇಲೆ ಗಂಟು ಹಾಕೋದು ನಮ್ಮ ಹಿರಿಯರಿಂದ ಬಂದ ಪದ್ಧತಿ. ವಾಪಸು ಬಂದಾಗ ಬಿಚ್ಚುತ್ತೇನೆ" ಎಂದ ಅಂಬಿಗ.

ವ್ಯಾಪಾರಿ ದಾರಿಯುದ್ದಕ್ಕೂ ಆ ಗಂಟನ್ನೇ ಯೋಚಿಸಿದ. ಇವನು ನನ್ನನ್ನು ಗುರುತು ಹಾಕಿಕೊಂಡಿದ್ದಾನೆ. ಆರಾಣೆ ಒಲ್ಲೆ ಎಂದವನು ಇವನೇ ಎಂದು ಸಂಜೆ ಎಂಟಾಣೆ ಕೀಳುತ್ತಾನೆ. ಹೀಗೆ ಯೋಚಿಸುತ್ತಲೇ ಹುಣಸೆಹಣ್ಣು ಮಾರಿದ. ಶುಂಠಿಯನ್ನು ಮುರಿದು ಮೂಸಿ ಕೊಂಡ. ಬೆಲ್ಲದ ಅಚ್ಚನ್ನು ಒಡೆಸಿ ಒಳಗೆ ನೋಡಿ ಕೊಂಡ. ಅಷ್ಟರಲ್ಲಿ ಮೇಲಿನ ಸೀಮೆಯಲ್ಲಿ ಮಳೆಯಾಗಿದೆಯೆಂದು ಸಂತೆಯಲ್ಲಿ ಸುದ್ದಿ ಬಂತು. ಜನ ಬೇಗ ಬೇಗ ಗಂಟುಮೂಟೆ ಕಟ್ಟಿದರು. ಸಂತೆ ಚದುರಿಸಿ ಮಾಲು ಅಗ್ಗಕ್ಕೆ ಹೊಡೆಯಲು ಯಾರೋ ಹಬ್ಬಿಸಿದ ಸುದ್ದಿ ಎಂದು ವ್ಯಾಪಾರಿ ಇನ್ನೂ ಸ್ವಲ್ಪ ಹೊತ್ತು ಕಾದು, ಕೊಬ್ಬರಿ ಕೊಂಡ.

ಅವನು ಹೊಳೆಯ ಹತ್ತಿರ ಬಂದಾಗ ಹೊತ್ತು ಇಳಿದಿತ್ತು. ನೀರು ಕೆಂಪಾಗಿತ್ತು. ಐದು ಗಾಡಿಗಳೂ ದೋಣಿ ಹತ್ತಿದ್ದವು. ಒಂದು ಗಾಡಿಯ ಜಾಗ ಖಾಲಿ ಇತ್ತು. ಅಂಬಿಗ ದಡದ ಮೇಲೆ ನಿಂತು ಸಂತೆಯ ದಾರಿ ನೋಡುತ್ತಿದ್ದ.

ವ್ಯಾಪಾರಿ ಹೊಂಗೆಯ ಮರಗಳ ಮರೆಯಲ್ಲಿ ಗಾಡಿ ನಿಲ್ಲಿಸಿದ. ವ್ಯಾಪಾರ ಮಾಡಿದವನಿಗೆ ಒಂದು ಲೆಕ್ಕ ಗೊತ್ತಿರುತ್ತದೆ. ಸಂತೆ ಮುಗಿಯುವಾಗ ಸೊಪ್ಪಿನವಳು ಕೇಳಿದ ಬೆಲೆಗೆ ಕೊಡುತ್ತಾಳೆ. ಕಡೆಯ ದೋಣಿಯಲ್ಲಿ ಜಾಗ ಖಾಲಿ ಉಳಿದರೆ ಅಂಬಿಗನೂ ಹಾಗೆಯೇ. ಇನ್ನೊಂದು ಗಳಿಗೆ ಕಾದರೆ ಎರಡಾಣೆಗೆ ಇಳಿಯುತ್ತಾನೆ.

"ಶೆಟ್ಟರೇ! ಹುಣಸೆಹಣ್ಣಿನ ಶೆಟ್ಟರೇ!" ಎಂದು ಅಂಬಿಗ ಕೂಗಿದ.

ವ್ಯಾಪಾರಿ ಮಾತಾಡಲಿಲ್ಲ. ಇಷ್ಟು ಕೂಗಬೇಕಾದರೆ ನನ್ನ ಗರಜು ಅವನಿಗೆ ಎಷ್ಟಿರಬೇಕು! ಕೂಗಲಿ.

ಅಂಬಿಗ ಎರಡನೆಯ ಸಲ ಕೂಗಿದ. ಎತ್ತಿನ ಕೊರಳ ಗಂಟೆ ಸದ್ದು ಮಾಡದಂತೆ ವ್ಯಾಪಾರಿ ಅದನ್ನು ಅಂಗೈಯಲ್ಲಿ ಮುಚ್ಚಿ ಹಿಡಿದ.

ಮೂರನೆಯ ಸಲ ಕೂಗಿದಾಗ ದೋಣಿಯಲ್ಲಿದ್ದವನೊಬ್ಬ ರೇಗಿದ. "ಹಲಗೆಗೆ ನೀರು ಬಡೀತಾ ಇದೆ ಮಾರಾಯ! ಆರಾಣೆ ಕೊಟ್ಟ ನಾವು ಮುಳುಗಿ, ಕೊಡದೆ ಇದ್ದವನನ್ನು ಕಾಯಬೇಕೇನು? ಬಿಡು ದೋಣಿ!"

ಅಂಬಿಗ ಮತ್ತೊಂದು ಸಲ ದಾರಿ ನೋಡಿದ. ಆಮೇಲೆ ದೋಣಿ ಬಿಟ್ಟ.

ಇದೂ ಬೆದರಿಸುವ ಆಟ, ನಾಲ್ಕು ಮಾರು ಹೋಗಿ ತಿರುಗಿ ಬರುತ್ತಾನೆ ಎಂದು ವ್ಯಾಪಾರಿ ನಿಂತೇ ಇದ್ದ. ದೋಣಿ ನಡುಹೊಳೆಗೆ ಹೋದ ಮೇಲೆ ಓಡಿ ಬಂದ. ನಾಲ್ಕಾಣೆ ಕೊಡುತ್ತೇನೆಂದು ಕೂಗಿದ. ಒಂದು ರೂಪಾಯಿ ಎಂದು ಕೂಗಿದ. ನೀರಿನ ಸದ್ದಿನಲ್ಲಿ ಅವನ ಮಾತು ಅವನಿಗೇ ಕೇಳಿಸಲಿಲ್ಲ.

ಹೊಳೆ ಇಪ್ಪತ್ತಾರು ದಿನ ಇಳಿಯಲಿಲ್ಲ. ದೋಣಿಯನ್ನು ಊರ ಕಡೆಯ ದಡದ ಮೇಲೆ ಎಳೆದು ಹಾಕಿದ್ದರು. ವ್ಯಾಪಾರಿ ಒಂದು ಛತ್ರದ ಕೊಟ್ಟಿಗೆಯಲ್ಲಿ ಉಳಿದ. ಎತ್ತುಗಳ ಹುಲ್ಲಿಗೆಂದು ಮೊದಲು ಕೊಬ್ಬರಿ ಮಾರಿದ, ಆಮೇಲೆ ಬೆಲ್ಲ, ಕಡೆಗೆ ಶುಂಠಿ. ದಿನಾ ಹೊತ್ತು ಮುಳುಗುವ ಮುಂಚೆ ದಡಕ್ಕೆ ಬಂದು ತನ್ನ ಊರಿನ ದಿಕ್ಕು ನೋಡುತ್ತಿದ್ದ.

ಇಪ್ಪತ್ತೇಳನೆಯ ದಿನ ದೋಣಿ ಬಂತು. ವ್ಯಾಪಾರಿ ಬರಿಗಾಡಿ ಹತ್ತಿಸಿ ಮುಷ್ಟಿಯಲ್ಲಿ ನಾಲ್ಕಾಣೆ ಹಿಡಿದು ನಿಂತ. ಅಂಬಿಗ ಸೊಂಟದಿಂದ ಹಗ್ಗ ತೆಗೆದ. ಅದರಲ್ಲಿ ಒಂದೇ ಒಂದು ಗಂಟು ಉಳಿದಿತ್ತು. ನೆನೆದು ಒಣಗಿ ಬಿಗಿಯಾಗಿದ್ದ ಅದನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದ.

"ಆವತ್ತು ಕೂಗಿದೆ ಶೆಟ್ಟರೆ. ನೀವು ಸಿಗಲಿಲ್ಲ. ಐದು ಜನರ ಜೀವ ಕೈಯಲ್ಲಿತ್ತು, ಬಿಟ್ಟು ಹೋದೆ. ಬಿಟ್ಟು ಹೋದವನು ನಾನು, ಈ ಕೂಲಿ ನನಗೆ ಬೇಡ" ಎಂದ.

ವ್ಯಾಪಾರಿ ದುಡ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಇದಕ್ಕೆ ಬದಲಾಗಿ ಇವನು ಮುಂದೆ ಏನು ಕೇಳುತ್ತಾನೋ ಎಂದು ದಡ ಮುಟ್ಟುವವರೆಗೂ ಅವನ ಮುಖವನ್ನೇ ನೋಡುತ್ತಿದ್ದ. ಅಂಬಿಗ ಏನೂ ಕೇಳಲಿಲ್ಲ.

ಮನೆಯಲ್ಲಿ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದ ಮನೆಯ ಅಜ್ಜಿ ಹೊರಗೆ ಬಂದು ಹೇಳಿದಳು: "ಗಂಡು ಮಗು ಕಣಪ್ಪ. ಒಂಬತ್ತು ದಿನ ಇತ್ತು."

ಹೆಂಡತಿ ತಲೆಯೆತ್ತಿ, "ಎಲ್ಲಿದ್ದಿರಿ?" ಎಂದು ಒಂದೇ ಮಾತು ಕೇಳಿದಳು.

ಹೊಂಗೆಯ ಮರದ ಮರೆಯಲ್ಲಿದ್ದೆ ಎಂದು ಅವನು ಹೇಳಲಾರದೆ ಹೋದ.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧ ಬಹಳ ಹೊತ್ತು ಕಾದ. ಮುಂದೆ ಇನ್ನೇನೋ ಇದೆ, ಗುರುಗಳು ಮುಚ್ಚಿಡುತ್ತಿದ್ದಾರೆ ಎಂದು ಅವನಿಗೆ ಅನಿಸಿತು.

"ಹಾಗಾದರೆ ಬುದ್ಧಿ, ಅವನಿಗೆ ಮೋಸ ಮಾಡಿದವರು ಯಾರು?"

"ಯಾರೂ ಮಾಡಲಿಲ್ಲಪ್ಪ, ನೀನು ಕೇಳಿದ್ದು ಅಂಥ ಬದುಕನ್ನೇ ಅಲ್ಲವೆ?" ಎಂದರು ಗುರುಗಳು.